ಚಳಿಗೆ ಹತ್ತದ ಬ್ರೇಕ್ ಲೈಟು

ನ್ಯಾಮತಿಯಿಂದ ಸವಳಂಗದ ಕಡೆ ಹೋಗುವ ರಸ್ತೆಯಲ್ಲಿ ಗೊಬ್ಬರದಂಗಡಿ ದಾಟಿದ ಮೇಲೆ ತಗಡು ಹೊದಿಸಿದ ಒಂದು ಸಣ್ಣ ಅಂಗಡಿ ಸಿಗುತ್ತದೆ. ಗಾಡಿಗಳ ಲೈಟು, ಹಾರ್ನು, ವೈರಿಂಗ್ ರಿಪೇರಿ ಮಾಡುವ ಓಬಣ್ಣನ ಅಂಗಡಿ ಅದು. ಮೂರು ವರ್ಷದ ಹಿಂದೆ ಬೆಳಗ್ಗೆ ಹತ್ತು ಗಂಟೆಗೆಲ್ಲ ಅದರ ಮುಂದೆ ಐದಾರು ಗಾಡಿಗಳು ಸಾಲಾಗಿ ನಿಂತಿರುತ್ತಿದ್ದವು. ಈಗ ಒಂದು ಟ್ರ್ಯಾಕ್ಟರ್ ನಿಂತಿದ್ದರೆ ಅದೇ ಹೆಚ್ಚು. ಅದೂ ಬಹುಶಃ ನಮ್ಮಪ್ಪನದು.

ಓಬಣ್ಣ ಮೂಲತಃ ಜಗಳೂರು ಕಡೆಯ ಸೊಕ್ಕೆಯವನು. ಹದಿನಾರನೇ ವಯಸ್ಸಿಗೆ ದಾವಣಗೆರೆಗೆ ಬಂದು ಒಬ್ಬ ಉಸ್ತಾದರ ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಕಲಿತ. ಹೆಂಡತಿ ಚೌಡಮ್ಮನ ತವರು ಇತ್ತ ಕಡೆ ಇದ್ದದ್ದರಿಂದ ಮದುವೆಯಾದ ಮೇಲೆ ನ್ಯಾಮತಿಗೆ ಬಂದು ನೆಲೆಸಿದ. ಉಸ್ತಾದರು ಅವನಿಗೆ ಹೇಳಿಕೊಟ್ಟ ಕಟ್ಟಳೆ ಒಂದೇ. ಗಾಡಿಯ ರೋಗವನ್ನು ಕಣ್ಣಾರೆ ನೋಡುವವರೆಗೆ ಯಾವ ಪಾರ್ಟನ್ನೂ ಬದಲಿಸಬಾರದು. ಬೇರೆಯವರು ಲೈಟು ಹತ್ತುತ್ತಿಲ್ಲ ಎಂದರೆ ಬಲ್ಬು ಹಾಕಿ, ಫ್ಯೂಸು ಹಾಕಿ, ಸ್ವಿಚ್ಚು ಹಾಕಿ, ಮೂರರಲ್ಲಿ ಯಾವುದೋ ಒಂದರಿಂದ ಸರಿಯಾಯಿತೆಂದು ಕಳಿಸಿಬಿಡುತ್ತಿದ್ದರು. ಓಬಣ್ಣ ಹಾಗೆ ಮಾಡುತ್ತಿರಲಿಲ್ಲ. ಒಂದು ಪುಟ್ಟ ಬಲ್ಬಿಗೆ ಎರಡು ವೈರು ಕಟ್ಟಿ, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿ ಹೊಲಿಯುವ ದಬ್ಬಣ ಸಿಕ್ಕಿಸಿಕೊಂಡಿದ್ದ. ಆ ದಬ್ಬಣವನ್ನು ವೈರಿನುದ್ದಕ್ಕೂ ಚುಚ್ಚುತ್ತ ಹೋಗಿ ಬಲ್ಬು ಎಲ್ಲಿ ಹತ್ತುವುದಿಲ್ಲವೋ ಅಲ್ಲಿ ನಿಲ್ಲುತ್ತಿದ್ದ. “ಇಲ್ಲೈತೆ ನೋಡ್ರಿ” ಎಂದು ಗಾಡಿಯವನನ್ನೂ ಬಗ್ಗಿಸಿ ತೋರಿಸುತ್ತಿದ್ದ. ತೋರಿಸಿದ ಮೇಲೆಯೇ ವೈರು ಕತ್ತರಿಸುವ ಪಕ್ಕಡಿನ ಮೇಲೆ ಕೈ.

ಅದಕ್ಕೇ ರೇಣುಕಪ್ರಸಾದ್ ತನ್ನ ವ್ಯಾನನ್ನು ಬೇರೆ ಯಾರ ಬಳಿಯೂ ಒಯ್ಯುತ್ತಿರಲಿಲ್ಲ. ಪೇಟೆಯ ಅಡಿಕೆ ವ್ಯಾಪಾರದ ಮನೆತನದ ಈತ ಸುತ್ತಲ ಹಳ್ಳಿಗಳಿಂದ ಶಾಲೆಯ ಮಕ್ಕಳನ್ನು ಕರೆತರುವ ವ್ಯಾನ್ ಇಟ್ಟುಕೊಂಡಿದ್ದ, ತಾನೇ ಓಡಿಸುತ್ತಿದ್ದ. ಬೆಳಗ್ಗೆ ಆರೂಕಾಲಿಗೆ ಹೊರಟು ಸೂರಗೊಂಡನಕೊಪ್ಪದ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು ಏಳೂಕಾಲಿನ ಹೊತ್ತಿಗೆ ತಿರುಗಿ ಬರುತ್ತಿದ್ದ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಸುದೀಪ್ ಬೈಕಿನ ಎರಡು ಬದಿಗೂ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಬರುತ್ತಿದ್ದ. ಮೂವತ್ತು ದಾಟಿದ, ಮಾತಾಳಿ ಮನುಷ್ಯ. ಕಾಲುವೆ ಏರಿಯ ಮೇಲೆ ಮಂಜು ಕವಿದ ದಿನಗಳಲ್ಲಿ ವ್ಯಾನಿನ ಬೆನ್ನು ಹಿಡಿದು ಬರುವುದು ಅವನಿಗೆ ಅನುಕೂಲ. ಮುಂದೆ ಹಳ್ಳ ಬಂತೋ, ದನ ಅಡ್ಡ ಬಂತೋ, ವ್ಯಾನು ನೋಡಿಕೊಳ್ಳುತ್ತದೆ.

ಡಿಸೆಂಬರ್ ಕೊನೆಯ ವಾರ ಡೇರಿಯ ಮುಂದೆ ಸುದೀಪನೇ ರೇಣುಕಪ್ರಸಾದನಿಗೆ ಹೇಳಿದ:

“ಅಣ್ಣಾ, ನಿನ್ ಗಾಡಿ ಬ್ರೇಕ್ ಲೈಟು ಬೆಳಗ್ಗೆ ಹೊತ್ತು ಹತ್ತಲ್ಲ ನೋಡು. ಎರಡೂ ಹತ್ತಲ್ಲ. ಮೊನ್ನೆ ಇನ್ನೊಂದು ಗೇಣು ಮುಂದೆ ಬಂದಿದ್ರೆ ನಾನೂ ನಿನ್ ಗಾಡೀಲೇ ಕೂತು ಸ್ಕೂಲಿಗೆ ಹೋಗ್ತಿದ್ದೆ.”

ರೇಣುಕಪ್ರಸಾದ್ ನಕ್ಕ. ಆದರೆ ಮಕ್ಕಳ ಗಾಡಿ. ಅಂದೇ ಹನ್ನೊಂದು ಗಂಟೆಗೆ ಓಬಣ್ಣನ ಅಂಗಡಿಗೆ ತಂದು ನಿಲ್ಲಿಸಿದ. ಓಬಣ್ಣ ಹಿಂದೆ ನಿಂತು ಪೆಡಲು ಒತ್ತಿಸಿದ. ಎರಡೂ ಲೈಟು ಕೆಂಡದ ಹಾಗೆ ಹತ್ತಿದವು. ಮರುದಿನ ತಂದ, ಹತ್ತಿದವು. ಮೂರನೆಯ ದಿನವೂ ಹತ್ತಿದವು.

“ಓಬಣ್ಣ, ನಿನ್ನ ಮೀಸೆ ನೋಡಿದ್ರೆ ಲೈಟಿಗೂ ಭಯ ಕಣೋ” ಎಂದ ರೇಣುಕಪ್ರಸಾದ್. “ಸುದೀಪನ ಕಣ್ಣಿಗೇ ಒಂದು ಬಲ್ಬು ಹಾಕು, ಸರಿಹೋಗ್ತಾನೆ.”

“ಹಂಗಲ್ಲ ಸಾವ್ಕಾರ್ರೆ. ಚಳೀಲಿ ಹೋಗೋ ರೋಗ ಬಿಸಿಲಾಗೆ ಹೆಂಗೆ ಕಾಣ್ಬೇಕು? ಬೆಳಗ್ಗೆ ಗಾಡಿ ತಗಂಬರ್ರಿ.”

“ಬೆಳಗ್ಗೆ ಮಕ್ಕಳನ್ನ ಯಾರು ಕರ್ಕಂಬರ್ತಾರೆ? ನಿನ್ ಹೆಂಡ್ತಿನಾ?”

“ಆತು ಬಿಡ್ರಿ. ನಾನೇ ಮನೆ ಹತ್ರ ಬರ್ತೀನಿ.”

ಮಾರನೆಯ ದಿನ ಐದೂವರೆಗೆ, ಕಿವಿಗೆ ಟವೆಲು ಸುತ್ತಿಕೊಂಡು, ಓಬಣ್ಣ ರೇಣುಕಪ್ರಸಾದನ ಮನೆಯ ಅಂಗಳದಲ್ಲಿದ್ದ. ಗಾಡಿ ಇಬ್ಬನಿಯಲ್ಲಿ ನೆನೆದು ನಿಂತಿತ್ತು. ಪೆಡಲು ಒತ್ತಿಸಿದಾಗ ಮೊದಲನೆಯ ಸಲ ಲೈಟು ಹತ್ತಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ನಾಲ್ಕನೆಯದಕ್ಕೆ ಹತ್ತಿತು. ಓಬಣ್ಣನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಕೊನೆಗೂ ಕಣ್ಣಿಗೆ ಬಿತ್ತು! ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ನೋಡಿದ. ಪೆಡಲಿನ ಮೇಲೆ ಒಂದು ಸಣ್ಣ ಸ್ವಿಚ್ಚಿರುತ್ತದೆ. ಕಾಲು ಒತ್ತಿದಾಗ ಅದರ ಮೂತಿ ಹೊರಗೆ ಬಂದು ಲೈಟಿಗೆ ಕರೆಂಟು ಬಿಡುತ್ತದೆ. ಯಾರೋ ಅದಕ್ಕೆ ಮೆತ್ತಿದ್ದ ಹಳೇ ಗ್ರೀಸು ಚಳಿಗೆ ಮೇಣದ ಹಾಗೆ ಗಟ್ಟಿಯಾಗಿ ಮೂತಿಯನ್ನು ಹಿಡಿದುಕೊಂಡಿತ್ತು.

“ಇಲ್ಲೈತೆ ನೋಡ್ರಿ” ಎಂದ ಓಬಣ್ಣ.

ಹೊಸ ಸ್ವಿಚ್ಚು ಹಾಕಿ ಹತ್ತು ಸಲ ಪೆಡಲು ಒತ್ತಿಸಿದ. ಹತ್ತಕ್ಕೆ ಹತ್ತೂ ಸಲ ಲೈಟು ಬಂತು. ಅಷ್ಟರಲ್ಲಿ ರೇಣುಕಪ್ರಸಾದನ ತಾಯಿ ಶಿವಗಂಗಮ್ಮ ವಿಭೂತಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಧನುರ್ಮಾಸ ನಡೆಯುತ್ತಿತ್ತು. ಆ ತಿಂಗಳು ಪೂರ್ತಿ ಅವರ ಮನೆಯಲ್ಲಿ ಬೆಳಗ್ಗೆ ಸೂರ್ಯ ಹುಟ್ಟುವ ಮೊದಲೇ ಈಶ್ವರನ ಪೂಜೆ, ಆಮೇಲೆ ಗಾಡಿಯ ಪೂಜೆ, ಆಮೇಲೆಯೇ ಮೊದಲ ಟ್ರಿಪ್ಪು.

“ಆತೇನ್ರೀ ಓಬಣ್ಣ? ಹೊತ್ತಾಗ್ತಾ ಐತೆ.”

“ಆತ್ರಮ್ಮಾರೆ, ಆತು. ಲೈಟು ಸರಿ ಐತೆ ಈಗ.”

ಗೋಡೆಯ ಬದಿಗೆ ತೊಟ್ಟಿಯಿಂದ ಎತ್ತಿಟ್ಟ ನಾಲ್ಕು ಬಕೆಟ್ ನೀರಿತ್ತು. ಓಬಣ್ಣ ಅದನ್ನು ನೋಡಿದ. ನೋಡಿಯೂ ಯಾಕೆಂದು ಕೇಳಲಿಲ್ಲ. ಸಾಮಾನು ಚೀಲಕ್ಕೆ ತುಂಬಿಕೊಂಡು ಗೇಟಿನ ಹೊರಗೆ ಬಂದ. ಅವನನ್ನು ಯಾರೂ ಆಚೆ ಹೋಗು ಎಂದಿರಲಿಲ್ಲ. ದೊಡ್ಡ ಮನೆಯವರು ಪೂಜೆಗೆ ನಿಂತಾಗ ನಮ್ಮಂಥವರು ಅಂಗಳದಲ್ಲಿ ನಿಂತಿರಬಾರದು ಎಂದು ಸೊಕ್ಕೆಯಲ್ಲಿ ಅವನಪ್ಪ ಅವನಿಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ಉಸ್ತಾದರ ಪಾಠಕ್ಕಿಂತ ಹಳೆಯ ಪಾಠ ಅದು. ಕಾಲು ತಾನಾಗಿಯೇ ಹೊರಗೆ ನಡೆಯಿತು.

ಅವನು ಹೋದ ಮೇಲೆ ಆ ಮನೆಯಲ್ಲಿ ದಿನವೂ ನಡೆಯುವುದು ನಡೆಯಿತು. ಕೊರೆಯುವ ನಾಲ್ಕು ಬಕೆಟ್ ನೀರನ್ನು ಗಾಡಿಯ ಮುಂದೆ, ಹಿಂದೆ, ಚಕ್ರಕ್ಕೆ ಸುರಿದು ತೊಳೆದರು. ಕಲಸಿದ ವಿಭೂತಿಯನ್ನು ಹಿಂದಿನ ಬಾಗಿಲಿಗೆ ಮೂರು ಬೆರಳಲ್ಲಿ ಎಳೆದರು. ಗಾಡಿ ಹೊರಟಿತು.

ಅಂದು ಬೆಳಗ್ಗೆ ಡೇರಿಯ ಮುಂದೆ ಸುದೀಪ್ ಸಿಕ್ಕಾಗ ರೇಣುಕಪ್ರಸಾದ್ ಕೂಗಿ ಹೇಳಿದನಂತೆ: “ಲೈಟು ಸರಿ ಮಾಡಿಸ್ದೆ ಕಣಪ್ಪ! ಓಬಣ್ಣನೇ ಮನೆಗೆ ಬಂದಿದ್ದ. ಇನ್ನು ನಿನ್ ಕಣ್ಣು ಪರೀಕ್ಷೆ ಮಾಡಿಸ್ಕ.” ಸುದೀಪ್ ಆ ದಿನ ವ್ಯಾನಿನ ಹಿಂದೆ ಬಂದಿರಲಿಲ್ಲ, ಮುಂದೆ ಬಂದಿದ್ದ. ಓಬಣ್ಣ ನೋಡಿದ್ದಾನೆ ಎಂದ ಮೇಲೆ ಮುಗಿಯಿತು ಎಂದುಕೊಂಡ.

ಮಾರನೆಯ ದಿನ ಕಾಲುವೆ ಏರಿಯ ಮೇಲೆ ಮಂಜು ಹಾಲಿನ ಹಾಗೆ ನಿಂತಿತ್ತು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತೆಂದು ರೇಣುಕಪ್ರಸಾದ್ ಬ್ರೇಕ್ ಹಾಕಿದ. ಹಿಂದೆ ಬರುತ್ತಿದ್ದ ಸುದೀಪ್ ಎರಡು ಕ್ಯಾನಿನ ಭಾರದೊಂದಿಗೆ ವ್ಯಾನಿನ ಬಲಮೂಲೆಗೆ ಹೋಗಿ ಬಡಿದ. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ತಲೆಗೆ ಪೆಟ್ಟು ಬಿದ್ದು ಎರಡು ದಿನ ಎಚ್ಚರವಿರಲಿಲ್ಲ. ವ್ಯಾನಿನ ಹಿಂದಿನ ಗಾಜು ಒಡೆದು, ಕೊನೆಯ ಸೀಟಿನಲ್ಲಿದ್ದ ಆರು ವರ್ಷದ ಹುಡುಗಿಯೊಬ್ಬಳ ಹಣೆಗೆ ಮೂರು ಹೊಲಿಗೆ ಬಿತ್ತು.

ಮಕ್ಕಳ ರಕ್ತ ನೋಡಿದ ಊರು ಸಿಟ್ಟಾಗುವುದು ಸಹಜ. ಆ ಸಿಟ್ಟು ಯಾರ ಮೇಲಾದರೂ ಬೀಳಬೇಕಿತ್ತು. ಸುದೀಪ್ ನಾಲ್ಕು ಗಂಟೆಗೇ ಎದ್ದು ಮನೆಮನೆ ಹಾಲು ಹಾಕಿಸಿಕೊಂಡು ಬರುವವನು, ತೂಕಡಿಸಿರಬೇಕು ಎಂದು ಯಾರೋ ಅಂದರು. ಮಧ್ಯಾಹ್ನದ ಹೊತ್ತಿಗೆ ಅದು ‘ತೂಕಡಿಸಿದನಂತೆ’ ಎಂದಾಯಿತು. ಸಂಜೆಗೆ ‘ತೂಕಡಿಸಿದ’.

ವ್ಯಾನನ್ನು ಠಾಣೆಯ ಅಂಗಳಕ್ಕೆ ತಂದಿದ್ದರು. ಗಾಡಿಯಲ್ಲಿ ದೋಷವಿತ್ತೇ ಎಂದು ನೋಡಲು ಒಬ್ಬ ಅಧಿಕಾರಿ ಬಂದಾಗ ಹನ್ನೆರಡು ದಾಟಿತ್ತು. ಹಿಂದಿನ ದಿನವಷ್ಟೇ ರಿಪೇರಿ ಮಾಡಿದವನೆಂದು ಓಬಣ್ಣನನ್ನೂ ಕರೆಸಿದರು. ಬಲಗಡೆಯ ಲೈಟು ಪುಡಿಯಾಗಿತ್ತು. ಪೆಡಲು ಒತ್ತಿದಾಗ ಎಡಗಡೆಯದು ಹತ್ತಿತು. ಓಬಣ್ಣನ ಎದೆ ಹಗುರಾಯಿತು. ಅದನ್ನು ಅವನೇ ಆಮೇಲೆ ಒಪ್ಪಿಕೊಂಡಿದ್ದಾನೆ. “ಮೊದ್ಲು ನನಗೆ ಸುದೀಪನ ನೆನಪು ಬರ್ಲಿಲ್ಲ. ಸದ್ಯ, ನಂದೇನಿಲ್ಲ ಅನ್ನಿಸ್ತು.”

ಆದರೂ ಅಭ್ಯಾಸಬಲ. ಬಗ್ಗಿ ಗಾಡಿಯ ಹಿಂಭಾಗದ ಕೆಳಗೆ ನೋಡಿದ. ನಂಬರ್ ಪ್ಲೇಟಿನ ಹಿಂದೆ ಒಂದು ಕಪ್ಲರ್ ಇತ್ತು. ಮುಂದಿನಿಂದ ಬಂದ ಬ್ರೇಕ್ ವೈರು ಎರಡು ಲೈಟಿಗೂ ಕವಲಾಗುವ, ಬೆರಳುದ್ದದ ಪ್ಲಾಸ್ಟಿಕ್ ಗೂಡು. ಅದರ ಮೇಲೆ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಉಗುರಲ್ಲಿ ಕೆರೆದು ಮೂಸಿ ನೋಡಿದ. ವಿಭೂತಿ. ಗೋಡೆಯ ಬದಿಗಿದ್ದ ನಾಲ್ಕು ಬಕೆಟ್ ಅವನ ಕಣ್ಣ ಮುಂದೆ ಬಂದವು. ಗೂಡನ್ನು ಬಿಡಿಸಿದ. ಒಳಗಿನ ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿದು, ಸವೆದು, ಎಲ್ಲೋ ಒಂದು ಕೂದಲೆಳೆಯಷ್ಟು ತಾಗಿಕೊಂಡಿತ್ತು. ದಿನಾ ಬೆಳಗ್ಗೆ ಐಸಿನಂಥ ನೀರು ಬಿದ್ದಾಗ ಅದು ಕುಗ್ಗಿ ಬಿಟ್ಟುಕೊಳ್ಳುತ್ತಿತ್ತು. ಬಿಸಿಲೇರಿದ ಮೇಲೆ ಮತ್ತೆ ತಾಗುತ್ತಿತ್ತು. ಒಂದು ಗಾಡಿಗೆ ಎರಡು ರೋಗ. ಅವನು ಒಂದನ್ನು ಕಂಡು, ಇನ್ನೊಂದಕ್ಕೆ ಬೆನ್ನು ತಿರುಗಿಸಿ ಬಂದಿದ್ದ.

ಅಲ್ಲಿ ಅವನು ಪಿನ್ನನ್ನು ಹಾಗೇ ಸಿಕ್ಕಿಸಿ ಎದ್ದು ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನ ಹೆಸರು ಉಳಿಯುತ್ತಿತ್ತು, ತಪ್ಪು ಸುದೀಪನ ಹೆಸರಿಗೆ ಹೋಗುತ್ತಿತ್ತು. ಪಿನ್ನು ಸಿಕ್ಕಿಸಿದ್ದು ನಿಜ. ಆದರೆ ಎದ್ದು ನಿಂತು ಬಾಯಿ ಬಿಟ್ಟ.

“ಸಾರ್, ಲೈಟು ಬೆಳಗ್ಗೆ ಹತ್ತಿರಂಗಿಲ್ಲ. ನಾನು ನೋಡ್ಲಿಲ್ಲ, ನಂದೇ ತಪ್ಪು. ತಣ್ಣೀರು ಬಿದ್ರೆ ಹೋಗ್ತೈತಿದು.”

ರೇಣುಕಪ್ರಸಾದ್ ಅವನನ್ನು ಹೊಸಬನ ಹಾಗೆ ನೋಡಿದ. “ಓಬಣ್ಣ, ಬಾಯಿ ಸರಿ ಇಟ್ಕ. ನಿನ್ನೆ ನೀನೇ ಸರಿ ಐತೆ ಅಂದಿದ್ದು.”

“ಅಂದಿದ್ದೆ. ಒಂದು ಬಕೆಟ್ ನೀರು ಕೊಡಿಸ್ರಿ ಸಾರ್, ತೋರಿಸ್ತೀನಿ.”

ಅಧಿಕಾರಿ ಕುತೂಹಲಕ್ಕೆ ಹೂಂ ಎಂದರು. ಠಾಣೆಯ ಹಿಂದಿನ ನಲ್ಲಿಯಿಂದ ಓಬಣ್ಣ ಬಕೆಟ್ ತುಂಬಿಸಿಕೊಂಡು ಬಂದು, ಪೆಡಲು ಒತ್ತಿ ಹಿಡಿಸಿ, ನಂಬರ್ ಪ್ಲೇಟಿನ ಮೇಲೆ ಸುರಿದ. ಲೈಟು ಹತ್ತಿಕೊಂಡೇ ಇತ್ತು. ಇನ್ನೊಂದು ಬಕೆಟ್ ಸುರಿದ. ಹತ್ತಿಕೊಂಡೇ ಇತ್ತು. ಆಗ ಕೈಗೆ ಗೊತ್ತಾಯಿತು. ನೀರು ಉಗುರುಬೆಚ್ಚಗಿತ್ತು. ತಾರಸಿಯ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಬೆಳಗಿನಿಂದ ಕಾದ ನೀರು ಅದು.

“ಏನಪ್ಪಾ, ಗಾಡಿಗೆ ಎಣ್ಣೆಸ್ನಾನನೂ ಮಾಡಿಸ್ತೀಯೇನು?” ಎಂದರು ಅಧಿಕಾರಿ. ಸುತ್ತ ನಿಂತಿದ್ದವರೆಲ್ಲ ನಕ್ಕರು.

“ನಾಳೆ ಬೆಳಗ್ಗೆ ಆರು ಗಂಟೆಗೆ ಬರ್ರಿ ಸಾರ್. ನಿಮ್ಮ ಕಾಲು ಹಿಡ್ಕಂತೀನಿ. ಆರು ಗಂಟೆಗೆ ಇದು ಹತ್ತಿದ್ರೆ ನನ್ನ ಅಂಗಡಿ ಮುಚ್ತೀನಿ.”

“ನಂಗೆ ಇನ್ನೂ ಚನ್ನಗಿರಿಗೆ ಹೋಗೋದೈತೆ. ಅಲ್ಲೆರಡು ಗಾಡಿ ಕಾಯ್ತಾ ಐದಾವೆ” ಎಂದು ಅವರು ಕಾಗದಕ್ಕೆ ಸಹಿ ಮಾಡಿದರು. ತಾವು ಕಂಡದ್ದನ್ನೇ ಬರೆದರು: ಬ್ರೇಕ್ ಲೈಟು ಕೆಲಸ ಮಾಡುತ್ತಿದೆ. ಆ ಒಂದು ಸಾಲಿನ ಮೇಲೆ ಉಳಿದದ್ದೆಲ್ಲ ತೀರ್ಮಾನವಾಯಿತು. ಹಿಂದಿನ ಸವಾರ ಅಜಾಗರೂಕತೆಯಿಂದ ಬಂದು ಡಿಕ್ಕಿ ಹೊಡೆದಿದ್ದಾನೆ. ಸುದೀಪ್ ಮೊದಲೇ ಎಚ್ಚರಿಸಿದ್ದ ಮಾತನ್ನು ರೇಣುಕಪ್ರಸಾದ್ ಎಲ್ಲೂ ಎತ್ತಲಿಲ್ಲ. ಓಬಣ್ಣ ಎತ್ತಿದ. ಆದರೆ ಅವನು ಆಗಲೇ ಬಿಸಿನೀರು ಸುರಿದು ನಗೆಪಾಟಲಾದವನು.

ಊರಿಗೆ ಬಂದ ಸುದ್ದಿ ಮಾತ್ರ ಬೇರೆಯಾಗಿತ್ತು. ಧನುರ್ಮಾಸದ ಪೂಜೆಯಿಂದ ಆಕ್ಸಿಡೆಂಟ್ ಆಯಿತು ಎಂದು ಓಬಣ್ಣ ಠಾಣೆಯಲ್ಲಿ ಹೇಳಿದನಂತೆ! ಶಿವಗಂಗಮ್ಮ ಅಂಗಡಿಯ ತನಕ ನಡೆದು ಬಂದರು. ಬೈಯಲಿಲ್ಲ. ರಸ್ತೆಯಲ್ಲೇ ನಿಂತು ಹೇಳಿದರು:

“ನಮ್ಮನೆ ದೇವರ ನೀರನ್ನ ದೂರಿದಿ. ನೀನು ಅವತ್ತು ನಿಂತು ನೋಡಿದ್ದಿದ್ರೆ, ಅಮ್ಮಾ ಹಿಂದ್ಗಡೆ ಸುರೀಬೇಡ್ರಿ ಅಂದಿದ್ದಿದ್ರೆ, ನಾನು ಸುರೀತಿದ್ನೇನು? ಅವತ್ತು ನನಗೆ ಹೇಳ್ಲಿಲ್ಲ, ಈಗ ಎಲ್ರ ಮುಂದೆ ಹೇಳ್ತೀಯ.”

ಆ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಓಬಣ್ಣ ಇಂದಿಗೂ ಹುಡುಕುತ್ತಿದ್ದಾನೆ, ಸಿಕ್ಕಿಲ್ಲ.

ಆಮೇಲೆ ಒಂದೊಂದಾಗಿ ಗಾಡಿಗಳು ಕಡಿಮೆಯಾದವು. ಸಿಟ್ಟಿನಿಂದ ಬಿಟ್ಟವರು ಸ್ವಲ್ಪ, ಹೆದರಿಕೆಯಿಂದ ಬಿಟ್ಟವರು ಬಹಳ. “ರಿಪೇರಿ ಮಾಡಿದೋನೇ ನಾಳೆ ಠಾಣೇಲಿ ನಿಂತು ಗಾಡಿ ಸರಿ ಇರ್ಲಿಲ್ಲ ಅಂದ್ರೆ ಹೆಂಗಪ್ಪಾ?” ಎನ್ನುತ್ತಿದ್ದರು. ಚೌಡಮ್ಮ ಅಡಿಕೆ ಸುಲಿಯುವ ಕೂಲಿಗೆ ಹೋಗತೊಡಗಿದಳು. “ಸುಮ್ನೆ ಪಿನ್ನು ಹಾಕಿ ಬರಬೇಕಿತ್ತು” ಎಂದು ಅವಳೂ ಒಂದು ದಿನ ಅಂದಳು. ಅಂದವಳೇ ಒಳಗೆ ಹೋದಳು.

ರೇಣುಕಪ್ರಸಾದ್ ವ್ಯಾನನ್ನು ಹೊನ್ನಾಳಿಯ ಕಲ್ಲೇಶನ ಬಳಿ ಒಯ್ದು ಹಿಂದಿನ ವೈರಿಂಗ್ ಪೂರ್ತಿ ಹೊಸದು ಹಾಕಿಸಿದ. ಲೈಟು ಸರಿಯೇ ಇತ್ತು ಎಂದ ಮೇಲೆ ವೈರಿಂಗ್ ಯಾಕೆ ಬದಲಿಸಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಕಲ್ಲೇಶ್ ದಾವಣಗೆರೆಯಲ್ಲಿ ಓಬಣ್ಣನ ಜೊತೆಗೇ ಕೆಲಸ ಕಲಿತವನು. ತೆಗೆದ ಹಳೇ ವೈರಿನ ಗಂಟನ್ನು ಒಂದು ಚೀಲಕ್ಕೆ ತುಂಬಿ ನ್ಯಾಮತಿಗೆ ಬರುವ ಬಸ್ಸಿನಲ್ಲಿ ತಾನೇ ಹೊತ್ತು ತಂದ.

“ತಗಳಪ್ಪಾ ನಿನ್ ಮಾನ. ಹೊನ್ನಾಳಿ ಕಸದ ಗಾಡಿಗೆ ಹಾಕಾಕೆ ಮನಸ್ಸು ಬರ್ಲಿಲ್ಲ.”

ಚೀಲದಲ್ಲಿ ಆ ಕಪ್ಲರ್ ಇತ್ತು. ಓಬಣ್ಣ ಅದನ್ನು ಬ್ಯಾಟರಿಗೂ ಒಂದು ಬಲ್ಬಿಗೂ ಸೇರಿಸಿ ಒಂದು ಹಲಗೆಗೆ ಹೊಡೆದ.

ಮುಂದಿನ ವರ್ಷದ ಧನುರ್ಮಾಸ ಬಂತು. ಓಬಣ್ಣ ದಿನಾ ಬೆಳಗ್ಗೆ ಆರು ಗಂಟೆಗೆ ಅಂಗಡಿ ತೆರೆದು, ರಾತ್ರಿಯೆಲ್ಲ ಹೊರಗಿಟ್ಟ ಚೆಂಬಿನ ನೀರನ್ನು ಕಪ್ಲರ್ ಮೇಲೆ ಸುರಿಯುತ್ತಿದ್ದ. ಬಲ್ಬು ಆರುತ್ತಿತ್ತು. ಸುಮ್ಮನೆ ನೋಡಿ ಒರೆಸಿಡುತ್ತಿದ್ದ. ಬೆಳಗ್ಗೆ ಗದ್ದೆಗೆ ಹೋಗುವಾಗ ನಾನೂ ನಮ್ಮಪ್ಪನೂ ಅದನ್ನು ಎಷ್ಟೋ ಸಲ ನೋಡಿದ್ದೇವೆ. ಓಬಣ್ಣನಿಗೆ ತಲೆ ಕೆಟ್ಟಿದೆ ಎಂದು ಜನ ಅಂದರೆ ನಮಗೆ ಅಲ್ಲವೆನ್ನಲೂ ಧೈರ್ಯವಿರಲಿಲ್ಲ.

ಜನವರಿಯ ಒಂದು ಬೆಳಗ್ಗೆ ಸುದೀಪ್ ಬಂದ. ಕಂಕುಳಿಗೆ ಊರುಗೋಲು, ಜೊತೆಗೆ ಹೆಂಡತಿ ಶಿವಲೀಲಾ. ಕಾಲು ಕೂಡಿಕೊಂಡಿತ್ತು, ಮಡಚಲು ಬರುತ್ತಿರಲಿಲ್ಲ. ಹಾಲಿನ ಲೈನು ಬೇರೆಯವರ ಪಾಲಾಗಿತ್ತು. ಅಪಘಾತದ ಹೊತ್ತಿನ ನೆನಪು ಅವನಿಗೆ ತಿರುಗಿ ಬರಲೇ ಇಲ್ಲ. ಎಮ್ಮೆಯೂ ಇಲ್ಲ, ವ್ಯಾನೂ ಇಲ್ಲ, ಡೇರಿಗೆ ಹೊರಟದ್ದಷ್ಟೇ ನೆನಪು.

“ಕುಂದ್ರು ತಮ್ಮ” ಎಂದ ಓಬಣ್ಣ.

“ಕುಂದ್ರಾಕೆ ಬರಾದಿಲ್ಲ ಬಿಡು. ಅದೇನೋ ತೋರಿಸ್ತೀಯಂತಲ್ಲ, ತೋರ್ಸು.”

ಓಬಣ್ಣ ಹಲಗೆಯನ್ನು ಮುಂದಿಟ್ಟ. ಬಲ್ಬು ಉರಿಯುತ್ತಿತ್ತು. ಚೆಂಬೆತ್ತಿ ಸುರಿದ. ಮೂರು ಉಸಿರಿನಷ್ಟು ಹೊತ್ತು ಉರಿದು, ಒಮ್ಮೆ ಮಿಟುಕಿ, ಬಲ್ಬು ಆರಿತು.

ಸುದೀಪ್ ಊರುಗೋಲು ಊರಿ ಬಲ್ಬಿನತ್ತ ಬಗ್ಗಿದ. “ಇನ್ನೊಂದ್ಸಲ” ಎಂದ. ಓಬಣ್ಣ ಒರೆಸಿ, ಅಂಗೈಯಲ್ಲಿ ಹಿಡಿದು ಕಾವು ಕೊಟ್ಟು ಮತ್ತೆ ಹತ್ತಿಸಿ, ಮತ್ತೆ ಸುರಿದ. ಮತ್ತೆ ಆರಿತು.

“ನಾನು ತೂಕಡಿಸಿರ್ಲಿಲ್ಲ” ಎಂದ ಸುದೀಪ್. ಅದನ್ನು ಅವನು ಓಬಣ್ಣನಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದ. “ಎಲ್ರೂ ಹೇಳಿ ಹೇಳಿ ನಾನೂ ಹಂಗೇ ಅನ್ಕಂಡಿದ್ದೆ. ಆ ಕೂಸಿನ ಹಣೆ ಒಡೆದೋನು ನಾನೇ ಅಂತ.”

ಶಿವಲೀಲಾ ಸೆರಗು ಬಾಯಿಗಿಟ್ಟುಕೊಂಡಳು. ಓಬಣ್ಣನ ಮುಖದಲ್ಲಿ ಒಂದು ವರ್ಷದಿಂದ ಇರದಿದ್ದ ಬೆಳಕು ಬಂತು. ಏನೋ ಹೇಳಲು ಬಾಯಿ ತೆರೆದ. ಸುದೀಪ್ ಬಿಡಲಿಲ್ಲ.

“ಅವತ್ತು ಎಷ್ಟೊತ್ತಿಗೆ ಅವರ ಮನೆಯಿಂದ ಹೊರಟೆ ನೀನು?”

“ಆರು ಗಂಟೆ ಆಗಿತ್ತೇನೋ.”

“ಪೂಜೆ ಎಷ್ಟೊತ್ತಾಗ್ತೈತೆ?”

“ಹತ್ತು ನಿಮಿಷ.”

“ಹತ್ತು ನಿಮಿಷ ನಿಂತ್ಕಳಾಕೆ ಆಗ್ಲಿಲ್ಲೇನೋ ಓಬಣ್ಣ ನಿನಗೆ?”

ಓಬಣ್ಣನ ಬಳಿ ಅದಕ್ಕೆ ಉತ್ತರವಿತ್ತು. ಅಪ್ಪ, ಸೊಕ್ಕೆ, ದೊಡ್ಡ ಮನೆಯ ಅಂಗಳ. ಅವುಗಳಲ್ಲಿ ಯಾವುದನ್ನೂ ಮಡಚಲು ಬಾರದ ಕಾಲಿನ ಮುಂದೆ ಇಡಲು ಅವನಿಗೆ ಆಗಲಿಲ್ಲ. ಸುದೀಪ್ ಊರುಗೋಲು ತಿರುಗಿಸಿಕೊಂಡು ರಸ್ತೆಗೆ ಇಳಿದ. ಶಿವಲೀಲಾ ಒಂದು ಸಲ ಹಿಂದೆ ನೋಡಿದಳು, ಸುದೀಪ್ ನೋಡಲಿಲ್ಲ.

ಅವರು ಗೊಬ್ಬರದಂಗಡಿ ದಾಟುವವರೆಗೂ ಓಬಣ್ಣ ನಿಂತೇ ಇದ್ದ. ಆಮೇಲೆ ಹಲಗೆಯಿಂದ ಕಪ್ಲರ್ ಬಿಚ್ಚಿ, ದಬ್ಬಣದ ಮೊನೆಯಿಂದ ಕಿಲುಬನ್ನೆಲ್ಲ ಕೆರೆದು, ಪಿನ್ನನ್ನು ಒತ್ತಿ ಬಿಗಿಮಾಡಿದ. ಬ್ಯಾಟರಿಗೆ ಸೇರಿಸಿ ಚೆಂಬಿನಲ್ಲಿ ಉಳಿದಿದ್ದ ತಣ್ಣೀರು ಸುರಿದ. ಬಲ್ಬು ಆರಲಿಲ್ಲ. ಐದು ನಿಮಿಷದ ಕೆಲಸ.